ಝಡ್80 ಯಂತ್ರಗಳಿಗೆ ಒಂದೇ ಬಸ್: ಹೊಸದನ್ನು ಬರೆಯೋಣವೇ, ಇರುವುದನ್ನು ಒಪ್ಪಿಕೊಳ್ಳೋಣವೇ?

ಎಂಟುಬಿಟ್

ಎಲ್ಲರಿಗೂ ನಮಸ್ಕಾರ. ಝಡ್80 ಪ್ರೊಸೆಸರ್ ಇಟ್ಟುಕೊಂಡು ಮನೆಯಲ್ಲೇ ಕಂಪ್ಯೂಟರ್ ಕಟ್ಟುವ ನಾವು ಇದುವರೆಗೆ ಬಸ್ಸಿಗೆ, ಅಂದರೆ ಕಾರ್ಡುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಗೆರೆಗಳ ಸಾಲಿಗೆ, ತಂತಮ್ಮ ಅನುಕೂಲಕ್ಕೆ ತಕ್ಕ ಕನೆಕ್ಟರನ್ನೂ ಪಿನ್ನುಗಳ ಕ್ರಮವನ್ನೂ ಆರಿಸಿಕೊಂಡು ಬಂದಿದ್ದೇವೆ. ಹೀಗಾಗಿ ಒಬ್ಬರು ಶ್ರಮಪಟ್ಟು ಮಾಡಿದ ಮೆಮೊರಿ ಕಾರ್ಡು ಇನ್ನೊಬ್ಬರ ಯಂತ್ರದಲ್ಲಿ ಕೂರುವುದಿಲ್ಲ, ಒಬ್ಬರು ಬರೆದ ಸೀರಿಯಲ್ ಡ್ರೈವರ್ ಇನ್ನೊಬ್ಬರಲ್ಲಿ ಪೋರ್ಟ್ ಸಂಖ್ಯೆ (ಪ್ರೊಸೆಸರ್ ಸಾಧನವನ್ನು ಕರೆಯುವ ವಿಳಾಸ) ತಿದ್ದದೆ ಓಡುವುದಿಲ್ಲ.

ಈಗ ಇದನ್ನು ಎತ್ತಲು ಕಾರಣವಿದೆ. 1976ರಲ್ಲಿ ಬಂದ ಈ ಚಿಪ್ಪಿನ 40 ಪಿನ್ನಿನ ಸೀಮಾಸ್ (ಕಡಿಮೆ ವಿದ್ಯುತ್ ಬಳಸುವ) ರೂಪದ ತಯಾರಿಕೆಯನ್ನು ನಿಲ್ಲಿಸುವುದಾಗಿ ಝೈಲಾಗ್ ಕಂಪನಿ 2024ರ ಏಪ್ರಿಲ್‌ನಲ್ಲಿ ತಿಳಿಸಿತು, ಕೊನೆಯ ಬೇಡಿಕೆಗೆ ಅದೇ ವರ್ಷದ ಜೂನ್ 14ರ ಗಡುವು ಕೊಟ್ಟಿತು. ಇನ್ನು ಮುಂದೆ ನಮಗೆ ಸಿಗುವುದು ಉಳಿದ ದಾಸ್ತಾನು ಅಥವಾ ಹಳೆಯ ಬೋರ್ಡಿನಿಂದ ಬಿಚ್ಚಿದ ಚಿಪ್ಪು. ಹಾಗಿರುವಾಗ ನಾವು ಮಾಡುವ ಪ್ರತಿಯೊಂದು ಕಾರ್ಡೂ ಹತ್ತು ಜನರ ಯಂತ್ರದಲ್ಲಿ ಬಳಕೆಯಾಗಬೇಕೆಂಬುದು ನನ್ನ ಆಸೆ.

ನನ್ನ ಸಲಹೆ ಇದು: ಎರಡು ಸಾಲುಗಳಲ್ಲಿ 60 ಪಿನ್ನುಗಳ ಕನೆಕ್ಟರ್, ಮುಖ್ಯ ಸಂಕೇತಗಳ ನಡುವೆ ಗ್ರೌಂಡ್ ಪಿನ್ನುಗಳು, ತಿರುಗಿಸಿ ಚುಚ್ಚಲು ಆಗದಂತೆ ಒಂದು ಪಿನ್ನಿನ ಜಾಗ ಖಾಲಿ. ಕರಡು ನಕ್ಷೆ ಸಿದ್ಧವಿದೆ. ದಯವಿಟ್ಟು ಅಭಿಪ್ರಾಯ ತಿಳಿಸಿ.

ಬೆಸುಗೆಕಡ್ಡಿ

ಎಂಟುಬಿಟ್ ಅವರೇ, ಉದ್ದೇಶಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ, ಮಾರ್ಗಕ್ಕೆ ಇಲ್ಲ. ಹೊಸ ಪಿನ್ ಕ್ರಮವನ್ನು ಬರೆದ ದಿನ ಅದಕ್ಕೆ ಹೊಂದುವ ಕಾರ್ಡುಗಳು ಜಗತ್ತಿನಲ್ಲಿ ಒಂದೂ ಇರುವುದಿಲ್ಲ. ಅದು ಎಷ್ಟೇ ಚೆನ್ನಾಗಿದ್ದರೂ ಮೊದಲ ಹತ್ತು ಕಾರ್ಡುಗಳನ್ನು ನಾವೇ ಮಾಡಬೇಕು, ಅವುಗಳ ದೋಷಗಳನ್ನೂ ನಾವೇ ಹುಡುಕಬೇಕು.

ಹವ್ಯಾಸಿ ಕಂಪ್ಯೂಟರ್‌ಗಳ ಮೊದಲ ಸಾಮಾನ್ಯ ಬಸ್ ಆದ ಎಸ್-100ರ ಕಥೆಯನ್ನು ಇಲ್ಲಿ ನೆನೆಯಬೇಕು. 1975ರಲ್ಲಿ ಎಂಐಟಿಎಸ್ ಕಂಪನಿ ಆಲ್ಟೇರ್ 8800 ಯಂತ್ರಕ್ಕೆ 100 ಪಿನ್ನಿನ ಕನೆಕ್ಟರ್ ಬಳಸಿದಾಗ ಯಾರೂ ಅದನ್ನು ಮಾನಕವೆಂದು ಯೋಚಿಸಿರಲಿಲ್ಲ. ಪಿನ್ನುಗಳ ಹಂಚಿಕೆಯಲ್ಲಿ ಒಂದು ಕ್ರಮವೇ ಇರಲಿಲ್ಲ. 8 ವೋಲ್ಟಿನ ಗೆರೆಯ ಪಕ್ಕದಲ್ಲೇ 16 ವೋಲ್ಟಿನ ಗೆರೆ ಇತ್ತು, ಒಳಬರುವ ದತ್ತಕ್ಕೆ ಎಂಟು, ಹೊರಹೋಗುವ ದತ್ತಕ್ಕೆ ಬೇರೆ ಎಂಟು ಗೆರೆಗಳಿದ್ದವು, ಮತ್ತು ಪ್ರತಿ ಕಾರ್ಡೂ ತನ್ನ 5 ವೋಲ್ಟನ್ನು ತಾನೇ ಇಳಿಸಿಕೊಳ್ಳಬೇಕಿತ್ತು. ಆದರೂ ಇಮ್ಸಾಯ್ 8080 ಅದೇ ಕನೆಕ್ಟರನ್ನು ಇಟ್ಟುಕೊಂಡಿತು, ಕ್ರೊಮೆಮ್ಕೊ, ಪ್ರೊಸೆಸರ್ ಟೆಕ್ನಾಲಜಿ ಮೊದಲಾದವರು ಅದಕ್ಕೆ ಕಾರ್ಡು ಮಾಡಿದರು. ಎಸ್-100 ಎಂಬ ಹೆಸರನ್ನು ಕೊಟ್ಟವರು ಕ್ರೊಮೆಮ್ಕೊದ ಹ್ಯಾರಿ ಗಾರ್ಲಂಡ್ ಮತ್ತು ರೋಜರ್ ಮೆಲೆನ್. ಆಲ್ಟೇರ್ ಬಸ್ ಎಂದೇ ಕರೆಯಬೇಕೆಂದು ಎಂಐಟಿಎಸ್ ಪಟ್ಟು ಹಿಡಿದರೂ ನಿಂತದ್ದು ಎಸ್-100. ಅದು ಐಇಇಇ 696 ಎಂಬ ಅಧಿಕೃತ ಮಾನಕವಾದದ್ದು 1983ರಲ್ಲಿ. ಅಷ್ಟು ಹೊತ್ತಿಗೆ ಸಾವಿರಾರು ಜನರ ಮನೆಯಲ್ಲಿ ಕಾರ್ಡುಗಳಿದ್ದವು. ಗೆದ್ದದ್ದು ಉತ್ತಮ ವಿನ್ಯಾಸವಲ್ಲ, ಮೊದಲೇ ಎಲ್ಲರ ಕೈಯಲ್ಲಿದ್ದ ವಿನ್ಯಾಸ.

ಇಂದು ಆ ಸ್ಥಾನದಲ್ಲಿರುವುದು ಸ್ಪೆನ್ಸರ್ ಓವೆನ್ ಅವರ ಆರ್‌ಸಿ2014 ಎಂಬ ಝಡ್80 ಕಿಟ್ಟಿನ ಬಸ್. ಹಳೆಯ ಕಂಪ್ಯೂಟರುಗಳ ಸ್ಪರ್ಧೆಯಾದ 2014ರ ರೆಟ್ರೊಚಾಲೆಂಜ್‌ಗಾಗಿ ಹುಟ್ಟಿದ್ದರಿಂದ ಅದಕ್ಕೆ ಆ ಹೆಸರು. ಒಂದೇ ಸಾಲಿನ 40 ಪಿನ್, ಪಿನ್ನಿನಿಂದ ಪಿನ್ನಿಗೆ 2.54 ಮಿಲಿಮೀಟರ್. ಬೇಕಾಗುವ ಕನೆಕ್ಟರ್ ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಆ ಹೆಸರು ನೋಂದಾಯಿತ ವ್ಯಾಪಾರ ಚಿಹ್ನೆಯಾದ್ದರಿಂದ, ಹೊಂದುವ ಕಾರ್ಡುಗಳನ್ನು ಮಾಡುವವರು ಆರ್‌ಸಿಬಸ್ ಎಂಬ ಬೇರೆ ಹೆಸರಿನಲ್ಲಿ ನಿರ್ದಿಷ್ಟತೆಯನ್ನು ಬರೆದುಕೊಂಡಿದ್ದಾರೆ. ನಾವೂ ಅದಕ್ಕೇ ಸೇರಿಕೊಳ್ಳೋಣ.

ಎಂಟುಬಿಟ್

ಆ 40 ಪಿನ್ನಿನ ಸಾಲನ್ನು ನಾನು ಗಮನವಿಟ್ಟು ನೋಡಿದ್ದೇನೆ. ಎ15ರಿಂದ ಎ0ವರೆಗೆ ಹದಿನಾರು ವಿಳಾಸ ಗೆರೆಗಳು, 17ನೆಯದು ಗ್ರೌಂಡ್, 18ನೆಯದು 5 ವೋಲ್ಟ್, ಆಮೇಲೆ ನಿಯಂತ್ರಣ ಸಂಕೇತಗಳು, 27ರಿಂದ 34ರವರೆಗೆ ದತ್ತ. ನಲವತ್ತರಲ್ಲಿ ಗ್ರೌಂಡ್ ಒಂದೇ ಒಂದು. 7.3728 ಮೆಗಾಹರ್ಟ್ಸ್ ಕ್ಲಾಕ್ ಓಡುವ ಬಸ್ಸಿನಲ್ಲಿ ಎಂಟು ಕಾರ್ಡುಗಳ ಹಿಂತಿರುಗುವ ವಿದ್ಯುತ್ತೆಲ್ಲ ಒಂದೇ ಪಿನ್ನಿನ ಮೂಲಕ ಹರಿಯುವುದು ಸರಿಯೇ? ಪ್ರೊಸೆಸರನ್ನು ಕಾಯಿಸುವ ವೇಯ್ಟ್, ಅದರ ಗಮನವನ್ನು ತಡೆಯಿಲ್ಲದೆ ಸೆಳೆಯುವ ಎನ್‌ಎಂಐ, ಬಸ್ಸನ್ನು ಬಿಟ್ಟುಕೊಡಲು ಕೇಳುವ ಬಸ್‌ರೆಕ್ ಗೆರೆಗಳಂತೂ ಅದರಲ್ಲಿ ಇಲ್ಲವೇ ಇಲ್ಲ. ಕಾರ್ಡನ್ನು ತಿರುಗಿಸಿ ಚುಚ್ಚಿದರೆ ತಡೆಯುವಂಥದ್ದೂ ಏನಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ದುರ್ಬಲವಾದುದನ್ನು ಮಾನಕವೆಂದು ಏಕೆ ಕರೆಯಬೇಕು?

ಆಸಿಲೋಸ್ಕೋಪ್

ಪ್ರಶ್ನೆ ನ್ಯಾಯವಾದದ್ದು, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ.

ಬಸ್ಸಿನಲ್ಲಿ ಗದ್ದಲ ಎಬ್ಬಿಸುವುದು ಕ್ಲಾಕಿನ ವೇಗಕ್ಕಿಂತ ಹೆಚ್ಚಾಗಿ ಸಂಕೇತದ ಅಂಚು ಎಷ್ಟು ಚುರುಕಾಗಿ ಏರಿಳಿಯುತ್ತದೆ ಎಂಬುದು. ಒಂದೇ ಗ್ರೌಂಡ್ ಇರುವ ಬ್ಯಾಕ್‌ಪ್ಲೇನಿನಲ್ಲಿ (ಕಾರ್ಡುಗಳನ್ನು ಚುಚ್ಚುವ ತಳದ ಬೋರ್ಡಿನಲ್ಲಿ) ಚುರುಕು ಅಂಚಿನ 74ಎಸಿ ಸರಣಿಯ ಬಫರುಗಳನ್ನು ಇಟ್ಟರೆ ಎಂಟು ದತ್ತ ಗೆರೆಗಳೂ ಒಮ್ಮೆಗೇ ಬದಲಾಗುವಾಗ ಗ್ರೌಂಡೇ ಮೇಲೆ ಜಿಗಿಯುತ್ತದೆ. ಅಲ್ಲಿ 74ಎಚ್‌ಸಿಟಿ ಇಟ್ಟರೆ ಅಂಚುಗಳು ನಿಧಾನವಾಗುತ್ತವೆ, ಅದೇ ಬಸ್ ಶಾಂತವಾಗಿ ನಡೆಯುತ್ತದೆ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. 74ಎಲ್‌ಎಸ್ ಚಿಪ್ಪು ಮೇಲ್ಮಟ್ಟಕ್ಕೆ ಖಾತರಿ ಕೊಡುವುದು 3 ವೋಲ್ಟಿಗಿಂತ ಕಡಿಮೆ, 74ಎಚ್‌ಸಿ ಚಿಪ್ಪು ಮೇಲ್ಮಟ್ಟವೆಂದು ಒಪ್ಪಲು ಕೇಳುವುದು ಸುಮಾರು 3.5 ವೋಲ್ಟ್. ಎರಡನ್ನೂ ಬೆರೆಸಿದ ಕಾರ್ಡು ಒಂದು ಯಂತ್ರದಲ್ಲಿ ನಡೆದು ಇನ್ನೊಂದರಲ್ಲಿ ಕೈಕೊಡುವುದು ಇದರಿಂದಲೇ. ಆದ್ದರಿಂದ “ಬಸ್ಸಿಗೆ ನೇರವಾಗಿ ತಾಗುವ ಚಿಪ್ಪುಗಳು ಎಚ್‌ಸಿಟಿ ಅಥವಾ ಎಲ್‌ಎಸ್ ಆಗಿರಬೇಕು” ಎಂಬ ಒಂದು ವಾಕ್ಯ ನಮ್ಮ ಮಾನಕದಲ್ಲಿ ಇರಲೇಬೇಕು. ಪಿನ್ನುಗಳ ಪಟ್ಟಿಯನ್ನು ನೋಡಿದವರಿಗೆ ಇದು ಎಂದೂ ತಿಳಿಯದು.

ಪುಲ್-ಅಪ್ ರೆಸಿಸ್ಟರುಗಳ ವಿಷಯ ಇನ್ನೂ ಮುಖ್ಯ. ಪ್ರೊಸೆಸರಿನ ಗಮನ ಸೆಳೆಯುವ ಇಂಟರಪ್ಟ್ ಗೆರೆಯನ್ನು ಎಲ್ಲ ಕಾರ್ಡುಗಳೂ ಹಂಚಿಕೊಳ್ಳುವುದರಿಂದ ಯಾರೂ ಅದನ್ನು ಮೇಲಕ್ಕೆ ತಳ್ಳಬಾರದು, ಕೆಳಕ್ಕೆ ಮಾತ್ರ ಎಳೆಯಬೇಕು. ಮೇಲಕ್ಕೆತ್ತುವ ಕೆಲಸ ರೆಸಿಸ್ಟರಿನದು. ಪ್ರತಿಯೊಬ್ಬರೂ ತಮ್ಮ ಕಾರ್ಡಿನಲ್ಲಿ 4.7 ಕಿಲೋಓಮಿನ ರೆಸಿಸ್ಟರೊಂದನ್ನು ಹಾಕಿದರೆ ಏನಾಗುತ್ತದೆಂದು ಲೆಕ್ಕ ಹಾಕಿ: ಒಂದೊಂದೂ ಸುಮಾರು 1 ಮಿಲಿಆಂಪಿಯರ್ ಕೇಳುತ್ತದೆ, ಸೀರಿಯಲ್ ಕೆಲಸದ ಝಡ್80 ಎಸ್‌ಐಒ ಚಿಪ್ಪು ಖಾತರಿಯಾಗಿ ಕೆಳಗೆ ಎಳೆಯಬಲ್ಲದ್ದು 2 ಮಿಲಿಆಂಪಿಯರ್. ಎರಡು ಕಾರ್ಡಿನ ತನಕ ಎಲ್ಲವೂ ಸರಿ, ಮೂರನೆಯದನ್ನು ಚುಚ್ಚಿದಾಗ ಇಂಟರಪ್ಟ್ ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ. ತಪ್ಪು ಮೂರನೆಯ ಕಾರ್ಡಿನದೆಂದು ಎಲ್ಲರೂ ಭಾವಿಸುತ್ತಾರೆ. ಹೀಗಾಗಿ ಹಂಚಿಕೊಂಡ ಗೆರೆಗಳ ಪುಲ್-ಅಪ್ ಬ್ಯಾಕ್‌ಪ್ಲೇನಿನಲ್ಲಿ ಒಂದು ಕಡೆ ಮಾತ್ರ ಇರಬೇಕೆಂದು ಬರೆಯೋಣ.

ವೇಯ್ಟ್, ಎನ್‌ಎಂಐ ಇಲ್ಲವೆಂಬ ತಕರಾರಿಗೆ ಉತ್ತರ ಈಗಾಗಲೇ ಇದೆ. ಇದೇ ಬಸ್ಸಿನ ವಿಸ್ತೃತ ರೂಪದಲ್ಲಿ ಎರಡನೆಯ ಸಾಲು ಬಂದಿದ್ದು, ಅದರಲ್ಲಿ ಈ ಗೆರೆಗಳೂ ಇನ್ನೊಂದು ಗ್ರೌಂಡ್, ಇನ್ನೊಂದು 5 ವೋಲ್ಟೂ ಇವೆ. ಹಳೆಯ 40 ಪಿನ್ನಿನ ಕಾರ್ಡು ಅದರಲ್ಲಿ ಹಾಗೆಯೇ ಕೂರುತ್ತದೆ. ನಾವು ಮಾಡುವ ಬ್ಯಾಕ್‌ಪ್ಲೇನ್‌ಗಳಲ್ಲಿ ಎರಡು ಸಾಲು ಕಡ್ಡಾಯ, ಕಾರ್ಡುಗಳಲ್ಲಿ ಐಚ್ಛಿಕ ಎಂದು ಇಟ್ಟುಕೊಳ್ಳಬಹುದು.

ಹೊಸಹೆಜ್ಜೆ

ನಾನು ಇನ್ನೂ ಮೊದಲ ಬೋರ್ಡಿಗೆ ಬೆಸುಗೆ ಹಾಕುತ್ತಿರುವವಳು. ಕಾರ್ಡನ್ನು ತಿರುಗಿಸಿ ಚುಚ್ಚಿದರೆ ಚಿಪ್ಪುಗಳು ಸುಟ್ಟುಹೋಗುತ್ತವೆಯೇ? ಎಂಟುಬಿಟ್ ಸರ್ ಹೇಳಿದ ಈ ಒಂದು ವಿಷಯಕ್ಕೆ ಯಾರೂ ಉತ್ತರಿಸಲಿಲ್ಲ.

ಬೆಸುಗೆಕಡ್ಡಿ

ತಿರುಗಿಸಿದಾಗ ಮೊದಲ ಪಿನ್ 40ನೆಯ ಜಾಗಕ್ಕೆ ಹೋಗುತ್ತದೆ. ಆಗ ಕಾರ್ಡಿನ ಗ್ರೌಂಡ್ ಬಸ್ಸಿನ 24ನೆಯ ಗೆರೆಯಾದ ರೈಟ್ ಮೇಲೂ, ಕಾರ್ಡಿನ 5 ವೋಲ್ಟ್ 23ನೆಯ ಗೆರೆಯಾದ ಎಂರೆಕ್ (ಮೆಮೊರಿಯನ್ನು ಕೇಳುವ ಸಂಕೇತ) ಮೇಲೂ ಬೀಳುತ್ತವೆ. ವಿದ್ಯುತ್ ಪೂರೈಕೆ ನೇರವಾಗಿ ಶಾರ್ಟ್ ಆಗುವುದಿಲ್ಲ, ಆದರೆ ಬಸ್ಸಿನ 5 ವೋಲ್ಟ್ ಹೋಗಿ ಕಾರ್ಡಿನ ಎಂರೆಕ್ ಪಿನ್ನಿಗೆ ತಾಗುತ್ತದೆ, ಚಿಪ್ಪಿಗೆ ಅಪಾಯ ಇದ್ದೇ ಇದೆ. ಒಂದು ಪಿನ್ ಪಕ್ಕಕ್ಕೆ ಜರುಗಿ ಚುಚ್ಚುವುದೂ ಅಷ್ಟೇ ಕೆಟ್ಟದ್ದು. ಅದರಲ್ಲಿ ಒಂದು ಕಡೆಗೆ ಜರುಗಿದರೆ ಕಾರ್ಡಿನ ಗ್ರೌಂಡ್ 5 ವೋಲ್ಟಿನ ಮೇಲೆ ಕೂರುತ್ತದೆ. ಕಾರ್ಡಿನ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸುವುದು, ಬ್ಯಾಕ್‌ಪ್ಲೇನಿನ ಮೇಲೆ ಆ ಓರೆಯ ದಿಕ್ಕನ್ನು ಅಚ್ಚು ಹಾಕುವುದು, ಮೊದಲ ಪಿನ್ನಿನ ಕಡೆ ಒಂದು ಗಟ್ಟಿ ತಡೆಯನ್ನು ನಿಲ್ಲಿಸುವುದು ಇವಿಷ್ಟನ್ನು ಕಡ್ಡಾಯ ಮಾಡೋಣ. ಖರ್ಚು ಏನೂ ಇಲ್ಲ.

ಪೋರ್ಟ್‌ಸೊನ್ನೆ

ಇದುವರೆಗಿನ ಮಾತೆಲ್ಲ ತಂತಿಯ ಬಗ್ಗೆ. ನನ್ನ ಅನುಭವದಲ್ಲಿ ಕಾರ್ಡುಗಳು ಪರಸ್ಪರ ಜಗಳವಾಡುವುದು ತಂತಿಗಾಗಿ ಅಲ್ಲ, ಪೋರ್ಟ್ ವಿಳಾಸಕ್ಕಾಗಿ. ಮಾನಕದ ಅರ್ಧಕ್ಕಿಂತ ಹೆಚ್ಚು ಭಾಗ ಇದರ ಬಗ್ಗೆಯೇ ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಆರ್‌ಸಿ2014ರ ಮೊದಲ ಸೀರಿಯಲ್ ಕಾರ್ಡನ್ನೇ ನೋಡಿ. ಅದರಲ್ಲಿರುವ 68ಬಿ50 ಚಿಪ್ಪಿಗೆ ಬೇಕಾದದ್ದು ಎರಡೇ ಪೋರ್ಟು. ಆದರೆ ಚಿಪ್ಪುಗಳನ್ನು ಉಳಿಸಲು ವಿಳಾಸದ ಎ7, ಎ6 ಗೆರೆಗಳನ್ನು ಮಾತ್ರ ಪರೀಕ್ಷಿಸಿದ್ದರಿಂದ ಅದು ಹೆಕ್ಸ್ (ಹದಿನಾರರ ಎಣಿಕೆ, ಮುಂದಿನ ವಿಳಾಸಗಳೂ ಅದರಲ್ಲೇ) 80ರಿಂದ ಬಿಎಫ್‌ವರೆಗಿನ 64 ಪೋರ್ಟುಗಳಿಗೂ ಓಗೊಡುತ್ತದೆ. ಇರುವ 256ರಲ್ಲಿ ಕಾಲು ಭಾಗ ಒಂದೇ ಕಾರ್ಡಿನ ಪಾಲಾಯಿತು. ಒಂಟಿಯಾಗಿ ಆ ಯಂತ್ರ ನಡೆಯುವಾಗ ಇದರಿಂದ ತೊಂದರೆಯೇನೂ ಇರಲಿಲ್ಲ. ಮುಂದೆ ಟಿಎಂಎಸ್9918ಎ ವಿಡಿಯೊ ಚಿಪ್ಪಿನ ಕಾರ್ಡು ಬಂದು, ಎಂಎಸ್‌ಎಕ್ಸ್ ಮನೆ ಕಂಪ್ಯೂಟರುಗಳಲ್ಲಿದ್ದಂತೆಯೇ ಅದನ್ನು 98, 99ರಲ್ಲಿ ಇಡಬೇಕೆಂದಾಗ ಎರಡೂ ಒಂದೇ ವಿಳಾಸದಲ್ಲಿ ಉತ್ತರ ಕೊಡತೊಡಗಿದವು. ಪಿನ್ ಕ್ರಮದ ದೃಷ್ಟಿಯಿಂದ ಎರಡು ಕಾರ್ಡುಗಳೂ ಮಾನಕಕ್ಕೆ ನೂರಕ್ಕೆ ನೂರು ಬದ್ಧವಾಗಿದ್ದವು, ಜೊತೆಯಲ್ಲಿ ಮಾತ್ರ ಬಾಳಲಾರವಾದವು. ಎಂಟೂ ವಿಳಾಸ ಗೆರೆಗಳನ್ನು ಪೂರ್ತಿ ಡಿಕೋಡ್ ಮಾಡುವುದು ನಮ್ಮಲ್ಲಿ ಕಡ್ಡಾಯವಾಗಲಿ. ಅದಕ್ಕೆ ಬೇಕಾದದ್ದು ವಿಳಾಸವನ್ನು ಹೋಲಿಸಿ ನೋಡುವ ಒಂದು 74ಎಚ್‌ಸಿಟಿ688 ಚಿಪ್ಪು ಮತ್ತು ಒಂದು ಜಂಪರ್ ಸಾಲು ಮಾತ್ರ. ಪೋರ್ಟನ್ನು ಕೇಳುವ ಐಒರೆಕ್ ಜೊತೆಗೆ, ಆದೇಶ ತರುವುದನ್ನು ಸೂಚಿಸುವ ಎಂ1 ಗೆರೆಯನ್ನೂ ಪರೀಕ್ಷಿಸಬೇಕು, ಏಕೆಂದರೆ ಝಡ್80 ಇಂಟರಪ್ಟನ್ನು ಒಪ್ಪಿಕೊಳ್ಳುವಾಗ ಎರಡನ್ನೂ ಒಟ್ಟಿಗೆ ಕೆಳಗಿಳಿಸುತ್ತದೆ.

ಹಳಬರು ಇದನ್ನು ಹೇಗೆ ನಿಭಾಯಿಸಿದರೆಂಬುದರಿಂದ ಕಲಿಯಬಹುದಾದದ್ದು ಬಹಳವಿದೆ. 1983ರ ಎಂಎಸ್‌ಎಕ್ಸ್ ಮಾನಕ ಪೋರ್ಟುಗಳನ್ನು ನೇರವಾಗಿ ಮುಟ್ಟಬಾರದು, ಯಂತ್ರದಲ್ಲೇ ಇರುವ ಬಯಾಸ್ ತಂತ್ರಾಂಶದ ಮೂಲಕವೇ ಹೋಗಬೇಕು ಎಂದಿತು. ವಿಡಿಯೊವನ್ನು ನೇರವಾಗಿ ಮುಟ್ಟಲೇಬೇಕಾದವರು ರೋಮಿನ (ಓದಲು ಮಾತ್ರ ಬರುವ ಮೆಮೊರಿಯ) 0006 ಮತ್ತು 0007ನೆಯ ಬೈಟುಗಳನ್ನು ಓದಿ ಪೋರ್ಟ್ ಸಂಖ್ಯೆ ತಿಳಿದುಕೊಳ್ಳಬೇಕಿತ್ತು. ಬೇರೆ ಬೇರೆ ಕಂಪನಿಗಳ ಯಂತ್ರಗಳಲ್ಲಿ ಒಂದೇ ಕಾರ್ಟ್ರಿಜ್ ಓಡಿದ್ದರಲ್ಲಿ ಈ ಶಿಸ್ತಿನ ಪಾಲು ದೊಡ್ಡದು. ನಮ್ಮ ದೇಶದ ಶಾಲೆಗಳಿಗೆ 1984ರ ಕ್ಲಾಸ್ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ಬಂದ ಬಿಬಿಸಿ ಮೈಕ್ರೊ ಇನ್ನೊಂದು ದಾರಿ ಹಿಡಿದಿತ್ತು. ಅದರ 1 ಮೆಗಾಹರ್ಟ್ಸ್ ಬಸ್ಸಿನ ವಿಳಾಸಗಳನ್ನು ಏಕಾರ್ನ್ ಕಂಪನಿ ಮೊದಲೇ ಹಂಚಿ ಪ್ರಕಟಿಸಿತ್ತು: ಎಫ್‌ಸಿ40ರಿಂದ ಹಾರ್ಡ್ ಡಿಸ್ಕಿಗೆ, ಎಫ್‌ಸಿಸಿ0ಯಿಂದ ಮುಂದಕ್ಕೆ ಬಳಕೆದಾರರ ಸ್ವಂತ ಪ್ರಯೋಗಗಳಿಗೆ. ಪ್ರಯೋಗ ಮಾಡುವವರಿಗೆಂದು ಜಾಗವನ್ನು ಮೀಸಲಿಟ್ಟದ್ದು ನನಗೆ ಬಹಳ ಮೆಚ್ಚುಗೆಯಾದ ಅಂಶ.

ಯಾವ ವಿಳಾಸ ಯಾವ ಕಾರ್ಡಿಗೆ ಎಂಬ ನಮ್ಮ ನೋಂದಣಿ ಪಟ್ಟಿಯನ್ನು, ಝಡ್80 ಯಂತ್ರಗಳನ್ನು ಎಬ್ಬಿಸುವ ರೋಮ್‌ಡಬ್ಲ್ಯುಬಿಡಬ್ಲ್ಯು ಫರ್ಮ್‌ವೇರ್ ಈಗಾಗಲೇ ನಿರೀಕ್ಷಿಸುವ ವಿಳಾಸಗಳಿಂದ ಆರಂಭಿಸೋಣ. ಕಾಂಪ್ಯಾಕ್ಟ್ ಫ್ಲಾಶ್ 10ರಿಂದ, ಮೆಮೊರಿ ಪುಟಗಳ ರಿಜಿಸ್ಟರುಗಳು 78ರಿಂದ 7ಸಿವರೆಗೆ, ಸೀರಿಯಲ್ 80ರಿಂದ, ಗಡಿಯಾರದ ಚಿಪ್ಪು ಸಿ0ಯಲ್ಲಿ. ಇವನ್ನು ಮುಟ್ಟದಿದ್ದರೆ ಸಿಪಿ/ಎಂ ಕಾರ್ಯಾಚರಣಾ ವ್ಯವಸ್ಥೆ ನಮ್ಮ ಯಂತ್ರಗಳಲ್ಲಿ ತಿದ್ದುಪಡಿಯಿಲ್ಲದೆ ಏಳುತ್ತದೆ. ಎಫ್0ಯಿಂದ ಎಫ್‌ಎಫ್‌ವರೆಗಿನ ಹದಿನಾರನ್ನು ಯಾರಿಗೂ ಕೊಡದೆ ಪ್ರಯೋಗಕ್ಕೆ ಬಿಡೋಣ.

ಎಂಟುಬಿಟ್

ವಿಳಾಸಗಳ ವಿಚಾರ ಓದಿದ ಮೇಲೆ ನನ್ನ 60 ಪಿನ್ನಿನ ಕರಡನ್ನು ಹಿಂದಕ್ಕೆ ಪಡೆಯುತ್ತೇನೆ. ಪಿನ್ನುಗಳನ್ನು ಎಷ್ಟು ಅಂದವಾಗಿ ಜೋಡಿಸಿದರೂ ಈ ಜಗಳ ತಪ್ಪುತ್ತಿರಲಿಲ್ಲ ಎಂಬುದು ಸ್ಪಷ್ಟ. ಒಂದೇ ಷರತ್ತು: ಆಸಿಲೋಸ್ಕೋಪ್ ಅವರು ಹೇಳಿದ ಎರಡನೆಯ ಸಾಲಿನ ಗ್ರೌಂಡನ್ನು ಬ್ಯಾಕ್‌ಪ್ಲೇನಿನಲ್ಲಿ ಮೊದಲನೆಯ ಗ್ರೌಂಡಿಗೆ ಅಗಲವಾದ ತಾಮ್ರದ ಪದರದಿಂದಲೇ ಜೋಡಿಸಬೇಕು, ತೆಳುವಾದ ಗೆರೆಯಿಂದಲ್ಲ.

ಲ್ಯಾಬ್85

ನಾನು ಪಾಲಿಟೆಕ್ನಿಕ್‌ನಲ್ಲಿ ಮೈಕ್ರೊಪ್ರೊಸೆಸರ್ ಪಾಠ ಮಾಡುತ್ತೇನೆ. ಝಡ್80 ಸಿಗುವುದು ದುರ್ಲಭವಾಗುತ್ತಿರುವ ಹೊತ್ತಿನಲ್ಲಿ ನಮ್ಮ ಪ್ರಯೋಗಾಲಯಗಳ ಕಪಾಟುಗಳಲ್ಲಿ 8085 ಪ್ರೊಸೆಸರ್ ಚಿಪ್ಪುಗಳು ಬೇಕಾದಷ್ಟು ಬಿದ್ದಿವೆ. ನಮ್ಮ ರಾಜ್ಯದ ಎಷ್ಟೋ ವಿದ್ಯಾರ್ಥಿಗಳು ಮೊದಲ ಬಾರಿಗೆ ಮಶೀನ್ ಕೋಡ್ ಒತ್ತಿದ್ದು ಅದರ ತರಬೇತಿ ಕಿಟ್ಟುಗಳ ಮೇಲೆಯೇ. ಇದೇ ಬಸ್ಸಿಗೆ 8085ರ ಸಿಪಿಯು ಕಾರ್ಡೂ ಕೂರುವಂತೆ ಮಾನಕದಲ್ಲಿ ಒಂದು ಅಧ್ಯಾಯ ಇರಬೇಕೆಂದು ಕೋರುತ್ತೇನೆ. ತಾಂತ್ರಿಕವಾಗಿ ಅದು ಸಾಧ್ಯವೆಂಬುದನ್ನು ಕೆಳಗೆ ವಿವರಿಸಿದ್ದೇನೆ.

8085ರಲ್ಲಿ ವಿಳಾಸದ ಕೆಳ ಎಂಟು ಬಿಟ್ಟುಗಳೂ ದತ್ತವೂ ಒಂದೇ ಪಿನ್ನುಗಳಲ್ಲಿ ಬರುವುದರಿಂದ ವಿಳಾಸ ಬಂದಿದೆಯೆಂದು ತಿಳಿಸುವ ಎಎಲ್‌ಇ ಸಂಕೇತದಿಂದ ಒಂದು 74ಎಚ್‌ಸಿಟಿ373 ಲ್ಯಾಚಿನಲ್ಲಿ ವಿಳಾಸವನ್ನು ಹಿಡಿದಿಡಬೇಕು. ಎಂರೆಕ್, ಐಒರೆಕ್ ಎಂಬ ಎರಡರ ಬದಲು ಅದಕ್ಕಿರುವುದು ಮೆಮೊರಿಯೋ ಪೋರ್ಟೋ ಎಂದು ತಿಳಿಸುವ ಒಂದೇ ಗೆರೆ. ಅದನ್ನು ರೀಡ್, ರೈಟ್ ಜೊತೆ ಸೇರಿಸಿ ಎರಡನ್ನೂ ಹುಟ್ಟಿಸಬಹುದು. ಸ್ಥಿತಿ ತಿಳಿಸುವ ಎಸ್0, ಎಸ್1 ಗೆರೆಗಳೆರಡೂ ಮೇಲಿದ್ದು ಆ ಗೆರೆ ಮೆಮೊರಿಯನ್ನು ಸೂಚಿಸಿದರೆ ಅದು ಆಪ್‌ಕೋಡ್ ತರುವ ಆವರ್ತ, ಅಲ್ಲಿಗೆ ಎಂ1 ಕೂಡ ಸಿಕ್ಕಿತು. ಇಂಟರಪ್ಟಿನಲ್ಲಿ ಒಂದು ಸೊಗಸಾದ ಹೊಂದಾಣಿಕೆ ಇದೆ. ಇಂಟರಪ್ಟನ್ನು ಒಪ್ಪಿಕೊಳ್ಳುವ ಐಎನ್‌ಟಿಎ ಸಮಯದಲ್ಲಿ ಯಾರೂ ದತ್ತ ಗೆರೆಗಳನ್ನು ನಡೆಸದೆ ಪುಲ್-ಅಪ್‌ಗಳು ಮಾತ್ರ ಇದ್ದರೆ 8085 ಓದುವುದು ಹೆಕ್ಸ್ ಎಫ್‌ಎಫ್. ಅದು ಆರ್‌ಎಸ್‌ಟಿ 7 ಆದೇಶ, ಜಿಗಿಯುವುದು 0038ಕ್ಕೆ. ಝಡ್80 ಕೂಡ ಇಂಟರಪ್ಟ್ ಮೋಡ್ 1ರಲ್ಲಿ ಅಲ್ಲಿಗೇ ಹೋಗುತ್ತದೆ.

ಎರಡು ಕಡೆ ಮಾತ್ರ ಎಚ್ಚರ ಬೇಕು. ಪೋರ್ಟ್ ಆವರ್ತದಲ್ಲಿ 8085 ವಿಳಾಸದ ಮೇಲ್ಭಾಗದಲ್ಲಿಯೂ ಅದೇ ಪೋರ್ಟ್ ಸಂಖ್ಯೆಯನ್ನು ಇಡುತ್ತದೆ, ಝಡ್80 ಆದರೋ ಅಲ್ಲಿ ಎ ಅಥವಾ ಬಿ ರಿಜಿಸ್ಟರನ್ನು ಇಡುತ್ತದೆ. ಆದ್ದರಿಂದ 16 ಬಿಟ್ಟಿನ ಪೋರ್ಟ್ ವಿಳಾಸ ಬಳಸುವ ಕಾರ್ಡುಗಳು ನನಗೆ ಆಗಿಬರುವುದಿಲ್ಲ. ಇನ್ನೊಂದು ಕ್ಲಾಕ್. 7.3728 ಮೆಗಾಹರ್ಟ್ಸ್ ಕ್ರಿಸ್ಟಲನ್ನು 8085 ತನ್ನೊಳಗೇ ಅರ್ಧ ಮಾಡಿ 3.6864 ಹೊರಗೆ ಕೊಡುತ್ತದೆ. 68ಬಿ50 ಅದನ್ನು 64ರಿಂದ ಭಾಗಿಸಿದರೆ 1,15,200 ಬಾಡ್ ಬದಲು 57,600 ಬರುತ್ತದೆ.

ಪೋರ್ಟ್‌ಸೊನ್ನೆ

ಲ್ಯಾಬ್85 ಸರ್, ತಮ್ಮ ವಿವರಣೆಗೆ ಧನ್ಯವಾದಗಳು. ಇದು ಮಾನಕದ ಗುಣವನ್ನೇ ಹೆಚ್ಚಿಸುತ್ತದೆ. ಸೀರಿಯಲ್ ವೇಗ ಸಿಪಿಯು ವೇಗವನ್ನು ಅವಲಂಬಿಸಿರುವುದೇ ಮೂಲ ವಿನ್ಯಾಸದ ಕೊರತೆ. ಎರಡನೆಯ ಸಾಲಿನಲ್ಲಿ ಎರಡನೆಯ ಕ್ಲಾಕ್ ಗೆರೆಯೂ ಇದೆ, ಸೀರಿಯಲ್ ಕಾರ್ಡುಗಳು ಅದರಿಂದ ಅಥವಾ ತಮ್ಮದೇ ಕ್ರಿಸ್ಟಲಿನಿಂದ ವೇಗ ಪಡೆಯಬೇಕೆಂದು ಬರೆದರೆ ಸಿಪಿಯು 3 ಮೆಗಾಹರ್ಟ್ಸಿನದಾದರೂ 20ರದಾದರೂ ತೊಂದರೆಯಿಲ್ಲ. ಪೋರ್ಟ್ ವಿಳಾಸ ಎಂಟೇ ಬಿಟ್ ಎಂಬುದನ್ನೂ ಸೇರಿಸೋಣ.

ಆಸಿಲೋಸ್ಕೋಪ್

ಎಲ್ಲಿಗೆ ಜಿಗಿಯಬೇಕೆಂಬ ಸುಳಿವನ್ನು (ವೆಕ್ಟರನ್ನು) ಕಾರ್ಡೇ ಕೊಡುವ ಇಂಟರಪ್ಟ್ ಮೋಡ್ 2ರ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಝಡ್80ರ ಜೊತೆಗಾರರಾದ ಎಸ್‌ಐಒ, ಸಿಟಿಸಿ (ಟೈಮರ್), ಪಿಐಒ (ಸಮಾಂತರ ಪೋರ್ಟ್) ಚಿಪ್ಪುಗಳ ಸೊಬಗೇ ಅದರಲ್ಲಿದೆ: ಯಾರಿಗೆ ಮೊದಲ ಸರದಿ ಎಂಬುದನ್ನು ಐಇಐ, ಐಇಒ ಎಂಬ ಸರಪಳಿಯ ಮೂಲಕ ಅವೇ ನಿರ್ಧರಿಸಿಕೊಳ್ಳುತ್ತವೆ. ಈ ಸರಪಳಿ ಎಲ್ಲ ಸ್ಲಾಟುಗಳಿಗೂ ಸಮಾನವಾಗಿ ಹೋಗುವ ಗೆರೆಯಲ್ಲ, ಒಂದರ ಹೊರದಾರಿ ಮುಂದಿನದರ ಒಳದಾರಿ. 40 ಪಿನ್ನಿನ ಸಾಲಿನಲ್ಲಿ ಅದಕ್ಕೆ ಸ್ಥಳವಿಲ್ಲ. ಬ್ಯಾಕ್‌ಪ್ಲೇನಿನಲ್ಲಿ ಹಾಕಿದರೂ ಒಂದು ಸ್ಲಾಟ್ ಖಾಲಿ ಬಿಟ್ಟರೆ ಸರಪಳಿ ಕಡಿಯುತ್ತದೆ. ಕಾರ್ಡಿನ ಮೇಲಂಚಿನಲ್ಲಿ ಎರಡು ಪಿನ್ನುಗಳನ್ನಿಟ್ಟು ಕಾರ್ಡಿನಿಂದ ಕಾರ್ಡಿಗೆ ತಂತಿ ಎಳೆಯುವುದು ನನ್ನ ಸಲಹೆ. ಐಇಐಗೆ ಪುಲ್-ಅಪ್ ಇದ್ದರೆ ಒಂಟಿ ಕಾರ್ಡು ತಂತಿಯಿಲ್ಲದೆಯೂ ನಡೆಯುತ್ತದೆ.

ಬೆಸುಗೆಕಡ್ಡಿ

ತಂತಿ ಹಾಕಲು ಮರೆತು ಅಂತಹ ಎರಡು ಕಾರ್ಡು ಚುಚ್ಚಿದರೆ ಎರಡೂ ಒಮ್ಮೆಗೇ ತಮ್ಮ ವೆಕ್ಟರನ್ನು ದತ್ತ ಗೆರೆಗಳ ಮೇಲೆ ಇಡುತ್ತವೆ, ಪ್ರೊಸೆಸರ್ ಎಲ್ಲಿಗೋ ಜಿಗಿಯುತ್ತದೆ. ಸರಪಳಿ ಉದ್ದವಾದರೆ ಸಂಕೇತ ಕೊನೆಯವರೆಗೆ ಹರಿಯಲು ಸಮಯವೂ ಸಾಲದು, ಹೆಚ್ಚುವರಿ ತರ್ಕವಿಲ್ಲದೆ ನಾಲ್ಕು ಚಿಪ್ಪುಗಳವರೆಗೆ ಮಾತ್ರ ಅದು ನಂಬಿಕಸ್ಥ. ನನ್ನ ಮಟ್ಟಿಗೆ ಮೊದಲ ಆವೃತ್ತಿಯಲ್ಲಿ ಮೋಡ್ 1 ಮಾತ್ರ ಕಡ್ಡಾಯವಾಗಿರಲಿ. ಮೋಡ್ 2 ಬೇಕಾದವರು ಮೇಲಂಚಿನ ಪಿನ್ನುಗಳನ್ನು ಇಡಲಿ, ಆದರೆ ಅವರ ತಂತ್ರಾಂಶ ಮೋಡ್ 1ರಲ್ಲಿಯೂ ನಡೆಯಬೇಕು. ಇದಕ್ಕೆ ಎಲ್ಲರ ಒಪ್ಪಿಗೆ ಸಿಗುವುದಿಲ್ಲವೆಂದು ಬಲ್ಲೆ.

ಆಸಿಲೋಸ್ಕೋಪ್

ನನ್ನ ಭಿನ್ನಾಭಿಪ್ರಾಯ ಉಳಿದೇ ಇದೆ. ಆದರೂ 8085 ಕಾರ್ಡಿಗೆ ಮೋಡ್ 2 ಹೇಗೂ ಸಾಧ್ಯವಿಲ್ಲದ ಕಾರಣ ಮೊದಲ ಆವೃತ್ತಿಗೆ ಮೋಡ್ 1 ಸಾಕೆಂಬುದನ್ನು ಒಪ್ಪುತ್ತೇನೆ. ಮೇಲಂಚಿನ ಪಿನ್ನುಗಳ ಸ್ಥಾನವನ್ನು ಮಾತ್ರ ಈಗಲೇ ಮಿಲಿಮೀಟರುಗಳಲ್ಲಿ ನಿಗದಿ ಮಾಡಿಬಿಡಿ. ಆಮೇಲೆ ಬದಲಾಯಿಸಲು ಆಗದು.

ಎಂಟುಬಿಟ್

ಹಾಗಾದರೆ ಕರಡನ್ನು ನಾನೇ ಬರೆಯುತ್ತೇನೆ. ಪಿನ್ ಕ್ರಮ ಆರ್‌ಸಿಬಸ್‌ನದೇ, ಕಾರ್ಡಿನ ಅಳತೆ ಕಡಿಮೆ ದರದಲ್ಲಿ ಬೋರ್ಡು ಮಾಡಿಸಲು ಅನುಕೂಲವಾಗುವಂತೆ 100 ಮಿಲಿಮೀಟರ್ ಚೌಕದ ಒಳಗೆ, ಪುಲ್-ಅಪ್, ಡಿಕೋಡ್, ಕ್ಲಾಕ್, ಓರೆ ಮೂಲೆಗಳ ನಿಯಮ ಇಲ್ಲಿ ಒಪ್ಪಿಕೊಂಡಂತೆ. ಪ್ರತಿ ಕಾರ್ಡಿನ ಹಿಂಬದಿಯಲ್ಲಿ ಅದು ಓಗೊಡುವ ಪೋರ್ಟುಗಳ ಸಂಖ್ಯೆಯನ್ನೂ 5 ವೋಲ್ಟಿನಿಂದ ಎಳೆಯುವ ಮಿಲಿಆಂಪಿಯರ್‌ಗಳನ್ನೂ ಅಚ್ಚು ಹಾಕಬೇಕೆಂದು ನನ್ನ ಕಡೆಯಿಂದ ಒಂದು ಸಾಲು ಸೇರಿಸುತ್ತೇನೆ. ಇಲ್ಲದಿದ್ದರೆ ಹೆಚ್ಚು ವಿದ್ಯುತ್ ಎಳೆಯುವ ಹಳೆಯ ಎನ್‌ಮಾಸ್ ಚಿಪ್ಪುಗಳ ಕಾರ್ಡುಗಳು ಸೇರಿದಾಗ ವಿದ್ಯುತ್ ಪೂರೈಕೆ ಸಾಲುತ್ತದೆಯೇ ಎಂದು ಯಾರಿಗೂ ಹೇಳಲಾಗದು.

ಲ್ಯಾಬ್85

ಕರಡಿನಲ್ಲಿ ಒಂದು ಪದವನ್ನು ದಯವಿಟ್ಟು ನೋಡಿಕೊಳ್ಳಿ. “ದತ್ತ ಗೆರೆಗಳ ಪುಲ್-ಅಪ್ ಬ್ಯಾಕ್‌ಪ್ಲೇನಿನಲ್ಲಿ ಇರಬಹುದು” ಎಂದಲ್ಲ, “ಇರಲೇಬೇಕು” ಎಂದು ಬರೆಯಿರಿ. ಎಫ್‌ಎಫ್ ಓದುವ ಭರವಸೆ ಇಲ್ಲದಿದ್ದರೆ 8085ರ ಇಂಟರಪ್ಟ್ ನಡೆಯುವುದಿಲ್ಲ. ಕರಡು ಬಂದ ಕೂಡಲೇ ಸಿಪಿಯು ಕಾರ್ಡಿನ ಸರ್ಕ್ಯೂಟನ್ನು ಪೂರ್ಣ ಮಾಡಿ ಇಲ್ಲಿಯೇ ಹಾಕುತ್ತೇನೆ. ಪೋರ್ಟ್ ಪಟ್ಟಿಯಲ್ಲಿ ಸಮಾಂತರ ಪೋರ್ಟಿನ ನಮ್ಮ 8255 ಕಾರ್ಡಿಗೆ ನಾಲ್ಕು ಪೋರ್ಟುಗಳು ಬೇಕು. ಯಾವ ವಿಳಾಸ ಕೊಡುವಿರೆಂದು ಪೋರ್ಟ್‌ಸೊನ್ನೆ ಅವರು ತಿಳಿಸಿದರೆ ವಿದ್ಯಾರ್ಥಿಗಳ ಪ್ರಯೋಗ ಪುಸ್ತಕದಲ್ಲಿ ಅದನ್ನೇ ಅಚ್ಚು ಹಾಕಿಸುತ್ತೇನೆ.